ಹಿಂಬಾಗಿಲ ಶ್ರಾವಣ

ಕೊಲ್ಹಾಪುರದ ನಮ್ಮ ಗಲ್ಲಿಯಲ್ಲಿ ಶ್ರಾವಣ ಮಾಸದಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ. ಇದನ್ನು ಗಲ್ಲಿಯ ತಾಲೀಮ್ ಮಂಡಳವು, ಅಂದರೆ ಗರಡಿಮನೆಯ ಸಮಿತಿಯು, ಸರ್ವಾನುಮತದಿಂದ ತೀರ್ಮಾನಿಸಿದೆ. ತಾಲೀಮಿನಲ್ಲಿ ಕುಸ್ತಿ ನಿಂತು ಇಪ್ಪತ್ತು ವರ್ಷವಾಯಿತು, ಮಂಡಳ ಮಾತ್ರ ನಿಂತಿಲ್ಲ. ಕುಸ್ತಿಯ ಮಣ್ಣಿದ್ದ ಜಾಗದಲ್ಲಿ ಈಗ ನನ್ನ ಖಾನಾವಳಿ. ಜಾಗ ಮಂಡಳದ್ದು, ಒಲೆ ನನ್ನದು.

ಶ್ರಾವಣದ ಮೊದಲ ದಿನ ಅಧ್ಯಕ್ಷರಾದ ರಂಗರಾವ್ ಚೌಗುಲೆಯವರು ಮುಂಬಾಗಿಲಿಗೆ ನೋಟೀಸು ಅಂಟಿಸಿದರು. "ಮಾಸ ಮುಗಿಯುವವರೆಗೆ ಈ ಬಾಗಿಲಲ್ಲಿ ಮಾಂಸದೂಟ ಬಡಿಸತಕ್ಕದ್ದಲ್ಲ. ಬಡಿಸಿದಲ್ಲಿ ಖಾನಾವಳಿಯನ್ನು ಖಾಲಿ ಮಾಡಿಸಲಾಗುವುದು."

ನಾನು ಮಟನ್ ಪಾತ್ರೆ ತೊಳೆದು ಅಟ್ಟಕ್ಕೆ ಹಾಕಿ ಹೆಸರುಕಾಳು ನೆನೆಹಾಕಿದೆ. ಬುಧವಾರ ಮಧ್ಯಾಹ್ನ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಧ್ಯಕ್ಷರು. ಹಣೆಯಲ್ಲಿ ಗಂಧ, ಟವೆಲಿನಡಿ ಸ್ಟೀಲ್ ಡಬ್ಬಿ.

"ವೈನಿ, ಮಟನ್ ಐತೇನು?"

"ಇಲ್ಲ ಅಣ್ಣಾ, ನಿಮ್ಮ ನೋಟೀಸ ಐತಿ."

"ಅದು ಮುಂದಿನ ಬಾಗಲಕ್ಕ. ಮತ್ತ ಇದು ನನಗಲ್ಲವಾ, ನಮ್ಮ ನಾಯಿಗೆ."

"ಹಂಗಾರ ನಾಳೆ ಎಲುಬು ತರಸ್ತೇನಿ, ಖಾರ ಹಾಕ್ದ ಬೇಯಿಸಿ ಕೊಡ್ತೇನಿ."

"ಏ, ಕೆಂಪು ರಸ್ಸಾ ಇಲ್ಲಂದ್ರ ಅದು ಮೂಸಿನೂ ನೋಡೂದಿಲ್ಲ. ಬಿಳಿ ರಸ್ಸಾ ಬ್ಯಾರೆ ಡಬ್ಬ್ಯಾಗ ಹಾಕು. ಲಿಂಬಿಹಣ್ಣ ಮರೀಬ್ಯಾಡ."

ಮಾಂಸ ತರಿಸಿ, ಅಟ್ಟದ ಪಾತ್ರೆ ಇಳಿಸಿ, ಎರಡೂ ಬಗೆಯ ಸಾರು ಮಾಡಿಕೊಟ್ಟೆ. ಆ ನಾಯಿಯನ್ನು ನಾನು ಇದುವರೆಗೆ ಕಂಡಿಲ್ಲ. ಊಟ ನೋಡಿದರೆ ದೊಡ್ಡ ನಾಯಿಯೇ ಇರಬೇಕು.

ಮರುದಿನ ಕಾರ್ಯದರ್ಶಿ ಖಾಡೆಯವರು ಅತ್ತೆಯ ಕೆಮ್ಮಿಗೆಂದು ಬಂದರು. ಆಮೇಲೆ ಒಬ್ಬರ ಮೊಮ್ಮಗನಿಗೆ ನೆಗಡಿ, ಇನ್ನೊಬ್ಬರ ಬೆಕ್ಕಿಗೆ ನಿಶ್ಶಕ್ತಿ. ಎರಡನೆಯ ವಾರಕ್ಕೆ ಹಿಂದಿನ ಓಣಿಯಲ್ಲಿ ಹತ್ತೊಂಬತ್ತು ಡಬ್ಬಿಗಳ ಸಾಲು. ಒಬ್ಬರ ಮುಖ ಒಬ್ಬರು ನೋಡಬೇಕಾಗಿ ಬಂದು ಎಲ್ಲರಿಗೂ ಮುಜುಗರ. ಮಂಡಳ ತುರ್ತುಸಭೆ ಕರೆಯಿತು.

ನಿರ್ಣಯವನ್ನು ಖಾಡೆಯವರು ಓದಿದರು. ಹಿಂದಿನ ಓಣಿಯನ್ನು ಗಲ್ಲಿಯ ಭಾಗವೆಂದು ಪರಿಗಣಿಸತಕ್ಕದ್ದಲ್ಲ. ಅಲ್ಲಿ ಒಬ್ಬರನ್ನೊಬ್ಬರು ನೋಡತಕ್ಕದ್ದಲ್ಲ, ಕಂಡರೂ ಕಂಡಂತಲ್ಲ. ಡಬ್ಬಿಯ ಮೇಲೆ ಬಿಲ್ವಪತ್ರೆ ಇರತಕ್ಕದ್ದು. ಸರದಿ ಬರುವವರೆಗೆ ಅಭಂಗ ಹಾಡತಕ್ಕದ್ದು. ಹೀಗೆ ಒಲೆ ಮತ್ತೆ ಜೋರಾಗಿ ಉರಿಯಿತು. ನಮ್ಮ ಓಣಿಯ ಭಜನೆಗೆ ಎಷ್ಟು ಹೆಸರು ಬಂತೆಂದರೆ ಪಕ್ಕದ ಪೇಠೆಯವರೂ ತಾಳ ತಂದರು. ಡಬ್ಬಿಯನ್ನೂ ತಂದಿದ್ದರು.

ಎಲ್ಲ ಸುಸೂತ್ರವಾಗಿರುವಾಗ ಬಾಬೂರಾವ್ ವಸ್ತಾದರು ಬಂದರು. ಒಂದು ಕಾಲದಲ್ಲಿ ಇಡೀ ಗಲ್ಲಿಗೆ ಕುಸ್ತಿ ಕಲಿಸಿದವರು. ಈಗ ಎಪ್ಪತ್ತೆಂಟು ವಯಸ್ಸು, ಮನೆಯಲ್ಲಿ ಒಬ್ಬರೇ. ಅವರು ಮುಂಬಾಗಿಲಿನಿಂದ ಬಂದು ಮೇಜಿನ ಮುಂದೆ ಕೂತರು.

"ಮಗಳ, ಒಂದು ಮಟನ್ ತಾಟ ಹಚ್ಚು."

"ಆಜೋಬಾ, ಮೆಲ್ಲಕ ಅನ್ರಿ. ಹಿಂದಿನ ಬಾಗಲಕ್ಕ ಬರ್ರಿ, ಡಬ್ಬ್ಯಾಗ ಕೊಡ್ತೇನಿ."

"ಹಿಂದ ಏಳು ಮೆಟ್ಲ ಅದಾವು. ಮೊಣಕಾಲು ಬಗ್ಗೂದಿಲ್ಲ."

"ಯಾರರ ನೋಡಿದ್ರ ನನ್ನ ಖಾನಾವಳಿ ಹೋಗತೈತ್ರಿ."

"ನೋಡ್ಲಿ ಬಿಡು. ಉಣ್ಣೂದು ನೋಡಾಕ ಚೆಂದನ ಇರತೈತಿ."

ಬೆಳಗಿನಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಡಿಸಿದೆ. ಅವರು ರಸ್ಸಾ ಸೊರ್ರೆಂದು ಹೀರಿದ ಸದ್ದು ರಸ್ತೆಯವರೆಗೆ ಕೇಳಿತು.

ಸಂಜೆಯೇ ಖಾನಾವಳಿಯಲ್ಲೇ ಸಭೆ. ನಾನು ನನ್ನ ಪುಟ್ಟ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಆರೋಪಿಯ ಜಾಗದಲ್ಲಿ ನಿಂತೆ. ವಸ್ತಾದರಿಗೆ ಕುರ್ಚಿ ಕೊಟ್ಟಿದ್ದರು.

"ಇಂಥಾ ಢೋಂಗಿ ಮನಶಾನ್ನ ನಾ ನೋಡಿಲ್ಲ!" ಎಂದರು ಅಧ್ಯಕ್ಷರು. "ಇಷ್ಟು ಬಯಲಾಗಿ ತಿಂತಾನಂದ್ರ ಒಳಗ ಏನೋ ಮುಚ್ಚಿಟ್ಟಾನ."

"ಮಟನ್ನ ಮುಚ್ಚಿಟ್ಟೇನಪಾ, ಹೊಟ್ಟ್ಯಾಗ," ಎಂದರು ವಸ್ತಾದರು.

ಖಾಡೆಯವರು ಅದನ್ನು ತಪ್ಪೊಪ್ಪಿಗೆಯೆಂದು ಬರೆದುಕೊಂಡರು. ಮುಂಬಾಗಿಲಲ್ಲಿ ಬಡಿಸಿದ್ದು ಸಾಬೀತಾದ್ದರಿಂದ ಮೂರು ದಿನದಲ್ಲಿ ನಾನು ಜಾಗ ಬಿಡಬೇಕೆಂದು ತೀರ್ಪಾಯಿತು. ಸುಮ್ಮನೆ ಹೊರಟುಬಿಡು ಎಂದಿತು ತಲೆ. ಆದರೆ ನನ್ನ ಬಾಯಿ ತಲೆಯ ಮಾತು ಎಂದೂ ಕೇಳಿದ್ದಿಲ್ಲ.

"ಅಣ್ಣಾ, ಅದು ಮುಂದಿನ ಬಾಗಲ ಅಂತ ಯಾರು ಹೇಳಿದ್ರು?"

"ಖಾನಾವಳಿ ಬೋರ್ಡ ಇಲ್ಲೇ ಐತೆಲ್ಲವಾ!"

"ಬೋರ್ಡ ಕಿತ್ತು ಓಣ್ಯಾಗ ಹಾಕ್ರಿ. ಅಂದ್ರ ಓಣಿ ಮುಂದಾತು, ಇದು ಹಿಂದಾತು. ಇಲ್ಲೆ ಫ್ಯಾನ್ ಐತಿ, ಮೇಜ ಐತಿ. ಮಳ್ಯಾಗ ತೊಯ್ಸಿಕೋತ ಅಭಂಗ ಹಾಡೂದು ತಪ್ಪತೈತಿ. ಬಿಸಿ ಬಿಸಿ ಉಣಬಹುದು. ನಿಮ್ಮ ನಾಯಿಗಳಿಗೆ ಅಂತ ಹೇಳ್ತೇನಿ."

ಯಾರೋ ಜೊಲ್ಲು ನುಂಗಿದ್ದು ಕೇಳಿಸಿತು. ನಂತರ ಎಲ್ಲ ಕೈಗಳೂ ಮೇಲೆದ್ದವು.

ನಿರ್ಣಯ ಹಿಂದಿನ ದಿನಾಂಕದಿಂದ ಜಾರಿಗೆ ಬಂತು. ನನ್ನ ಮೇಲಿನ ತೀರ್ಪು ರದ್ದಾಯಿತು. ವಸ್ತಾದರು ಹಿಂಬಾಗಿಲಿನಿಂದಲೇ ಬಂದು, ಶಿಸ್ತಾಗಿ, ಯಾರಿಗೂ ಕಾಣದಂತೆ ಉಂಡಿದ್ದಾರೆಂದು ದಾಖಲಾಯಿತು. ಬೋರ್ಡು, ನೋಟೀಸು ಎರಡೂ ಓಣಿಯ ಕಡೆ ಹೋದವು. ಅಲ್ಲಿ ಯಾರೂ ಮಾಂಸ ಕೇಳುವುದಿಲ್ಲ, ಯಾರೂ ಬರುವುದೇ ಇಲ್ಲ.

"ಅಂದ್ರ ನಾ ಕದ್ದು ತಿಂದೆನಾ?" ಎಂದು ವಸ್ತಾದರು ಮರುದಿನ ತುಂಬಿದ ಮೇಜಿನಲ್ಲಿ ಕೂತು ಕೇಳಿದರು.

"ಹೌದ್ರಿ ವಸ್ತಾದ, ನೀವು ನಮ್ಮವರ," ಎಂದು ಅಧ್ಯಕ್ಷರು ಅವರ ಪಕ್ಕದಲ್ಲೇ ಕೂತು, ನಿಯಮದ ಪ್ರಕಾರ ಅವರನ್ನು ನೋಡದೆ, ಅವರ ತಾಟಿನಿಂದ ಒಂದು ನಳ್ಳಿಯೆಲುಬು ಎತ್ತಿಕೊಂಡು ಚೀಪತೊಡಗಿದರು.