ಅಳಿಯಂದಿರು ಮೆತ್ತಿದ ಹೊಗೆಗೂಡು

ನಿಜಾಮಶಾಹಿಯೇ ಹೋಗಿ ವರ್ಷವಾಯಿತು, ಅತ್ತೆಮನೆಯ ಹೊಗೆ ಹೋಗುವುದಿಲ್ಲವೆಂದರೇನು! ಕಲಬುರ್ಗಿಯ ಕಚೇರಿ ಗುಮಾಸ್ತ ಪ್ರಹ್ಲಾದರಾಯರು ಕಮಲಾಪುರದ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಪಣ ತೊಟ್ಟರು. ಹೊಗೆಗೂಡಿನ ಒಳಗೋಡೆಗೆ ಮೆತ್ತಿದ್ದ ಗಿಲಾವು ಉದುರಿ ಸಂದುಸಂದಿನಿಂದ ಹೊಗೆ ಮನೆಗೆ ನುಗ್ಗುತ್ತಿತ್ತು. ನಾಳೆಯೋ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರು.

“ನಾನೇ ಮೆತ್ತತೀನಿ!”

“ನಿಮಗ್ಯಾಕ್ರೀ ಈ ಉಸಾಬರಿ? ಗೌಂಡಿ ನಾಗಣ್ಣನ್ನ ಕರೀರಿ,” ಎಂದಳು ಹೆಂಡತಿ ಜಾನಕಿ.

“ನಾಗಣ್ಣ ನಾಕು ದಿನ ಹಚ್ಚತಾನ. ನಂದು ಒಂದೇ ಹೊತ್ತಿನ ಕೆಲಸ!”

ಅತ್ತೆ ಮುಕ್ತಾಬಾಯಿ ಅಳಿಯನ ಎದುರು ಮಾತಾಡುವವರಲ್ಲ. ಲಗ್ನವಾಗಿ ಆರು ವರ್ಷವಾದರೂ ಏನಿದ್ದರೂ ಬಾಗಿಲ ಮರೆಯಿಂದ, ಮಗಳ ಮೂಲಕ. “ಜಾನಕಿ, ಅವರಿಗೆ ಬ್ಯಾಡಂತ ಹೇಳ.” ರಾಯರಿಗೆ ಕೇಳಿಸಿತು. ಕೇಳಿಸದವರ ಹಾಗೆ ಮಾಳಿಗೆ ಹತ್ತಿದರು.

ಗೋಡೆ ಕಟ್ಟುವ ಗೌಂಡಿಗಳ ಉಪಾಯ ಅವರು ಕಣ್ಣಾರೆ ಕಂಡಿದ್ದರು. ಹುಲ್ಲು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ ಹೊಗೆಗೂಡಿನೊಳಗೆ ಇಳಿಬಿಡುವುದು, ಸುತ್ತ ಸುಣ್ಣದ ಗಾರೆ ಸುರಿಯುವುದು, ಚೀಲವನ್ನು ಮೆಲ್ಲಗೆ ಮೇಲಕ್ಕೆಳೆಯುವುದು. ಒಳಮೈ ನುಣ್ಣಗೆ! ಚೀಲ ಹುಡುಕುತ್ತ ಕೆಳಗಿಳಿದು ಅಟ್ಟವನ್ನೆಲ್ಲ ತಡಕಾಡಿದಾಗ ಹೊಟ್ಟಿನ ರಾಶಿಯ ಹಿಂದೆ, ಹಳೆಯ ಕೌದಿಯಲ್ಲಿ ಬಿಗಿದು ಕಟ್ಟಿದ ಗಂಟೊಂದು ಸಿಕ್ಕಿತು. ಹೊಗೆಗೂಡಿಗೇ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಗಂಟು ಇಳಿಯಿತು. ಗಾರೆ ಸುರಿಯಿತು. ಎಳೆದರೆ ಬರಲೊಲ್ಲದು! ಕೌದಿ ಗಾರೆಯ ನೀರೆಲ್ಲ ಕುಡಿದು ಉಬ್ಬಿ ಕೂತಿತ್ತು. ರಾಯರು ಗೋಡೆಗೆ ಕಾಲು ಕೊಟ್ಟು ಜಗ್ಗಿದರು. ಹಗ್ಗ ಹರಿದು ಮಾಳಿಗೆಯ ಮೇಲೆ ಅಂಗಾತ ಬಿದ್ದರು.

ಕೆಳಗಿನಿಂದ ಅತ್ತೆಯ ದನಿ ಬಂತು: “ಜಾನಕಿ, ಅಟ್ಟದ ಮ್ಯಾಲಿನ ಗಂಟು ತಾ. ತಂಗಿಗೆ ನಾಳೆ ಪೈಠಣಿ ಸೀರಿ ಉಡಸಬೇಕು.”

“ಯಾ... ಯಾವ ಗಂಟು?” ರಾಯರು ಮೇಲಿನಿಂದಲೇ ಕೇಳಿದರು.

“ಅದೇರೀ, ನಿಜಾಮನ ರಜಾಕಾರರ ಲೂಟಿ ಗದ್ದಲದಾಗ ಸೊಲ್ಲಾಪುರಕ್ಕ ಓಡಿಹೋಗ್ಲಿಕ್ಕಂತ ಕಟ್ಟಿಟ್ಟಿದ್ವಲ್ಲಾ! ಮನಿ ರೇಷ್ಮಿಯೆಲ್ಲಾ ಅದರಾಗೇ ಅದ!” ಎಂದು ಜಾನಕಿ ಕೆಳಗಿನಿಂದ ಕೂಗಿದಳು.

ಕೊನೆಗೆ ನಾಗಣ್ಣನೇ ಬರಬೇಕಾಯಿತು. ಒಲೆಯ ಮೇಲಿನ ಗೋಡೆಗೆ ಆಳುದ್ದದ ಕಿಂಡಿ ಹೊಡೆದು ಗಂಟನ್ನು ಹೆರಿಗೆ ಮಾಡಿಸಿದ. ಪೈಠಣಿಗೆ ಸುಣ್ಣದ ಅಂಚು, ಮಸಿಯ ಸೆರಗು! ನಾದಿನಿ ಗೊಳೋ ಎಂದಳು. ರಾಯರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಗ ಮುಕ್ತಾಬಾಯಿ ಬಾಗಿಲ ಮರೆ ಬಿಟ್ಟು ಹೊರಗೆ ಬಂದರು. ಆರು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖವನ್ನೇ ನೋಡಿ ಬಾಯಿಬಿಟ್ಟರು.

“ರಜಾಕಾರರು ಎರಡು ಸಲ ಮನಿ ಜಾಲಾಡಿದ್ರು, ಅವರಿಗೆ ಸಿಗಲಿಲ್ಲ. ನಿಮಗ ಹ್ಯಾಂಗ ಸಿಕ್ತರೀ, ಅಳಿಯಂದ್ರ?”