ಅಂಚಿನ ಹದ

ಬೆಳಿಗ್ಗೆ ಒಂಬತ್ತಕ್ಕೆ ಭಾಮೈದ ಬಂದು ಮೇಜಿನ ಮೇಲೆ ಲೋಹದ ತುಂಡೊಂದನ್ನು ಟಕ್ಕೆಂದು ಇಟ್ಟು, "ಭಾವ, ಇದನ್ನ ಪಾಸ್ ಮಾಡಕ್ಕಾಗಲ್ಲ" ಎಂದಾಗಲೇ ನೀರಣ್ಣನ ದಿನ ಕೆಟ್ಟಿತು.

ನೀರಿನಿಂದ ಲೋಹ ಕತ್ತರಿಸುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ನೀರಣ್ಣ. ಸೂಜಿಯ ಕಣ್ಣಿನಷ್ಟು ಸಣ್ಣ ನಾಜಲ್‌ನಿಂದ ಭಾರೀ ಒತ್ತಡದಲ್ಲಿ ಚಿಮ್ಮುವ ನೀರಿಗೆ ಗಾರ್ನೆಟ್ ಎಂಬ ಕೆಂಪು ಮರಳು ಬೆರೆತರೆ ಹೆಬ್ಬೆರಳು ದಪ್ಪದ ಉಕ್ಕೂ ಸೀಳಿಹೋಗುತ್ತದೆ. ಈ ಸಲ ಬಂದದ್ದು ಮಾತ್ರ ಉಕ್ಕಲ್ಲ, ವಿಮಾನಕ್ಕೆ ಬಳಸುವ ಟೈಟಾನಿಯಂ ಮಿಶ್ರಲೋಹ. ಮಹಾ ಹಟಮಾರಿ. ಕತ್ತರಿಸಿದ ಅಂಚಿನ ಮೇಲರ್ಧ ಕನ್ನಡಿಯಂತಿತ್ತು. ಕೆಳಗರ್ಧ ಬಾಚಣಿಗೆ ಎಳೆದಂತೆ ಗೀರುಗೀರು.

"ಈಗ ತಾನೇ ಅಕ್ಕನ ಕೈಲಿ ತಿಂಡಿ ತಿಂದು ಬಂದು, ನನ್ನ ತುಂಡನ್ನೇ ಆಚೆ ಹಾಕ್ತೀಯೇನೋ?"

"ತಿಂಡಿ ಬೇರೆ, ಅಂಚು ಬೇರೆ ಭಾವ" ಎಂದ ಭಾಮೈದ. ತಪಾಸಣೆ ವಿಭಾಗದವನಾದ ಅವನಿಗೆ ಕೆಲಸದಲ್ಲಿ ನೆಂಟರಿರಲಿಲ್ಲ.

ಸಂಜೆ ನಾಲ್ಕಕ್ಕೆ ಗಿರಾಕಿ ಬರುವವರಿದ್ದರು. ನಮೂನೆ ಒಪ್ಪಿಗೆಯಾದರೆ ನಾನೂರು ತುಂಡುಗಳ ಆರ್ಡರು; ಆರ್ಡರು ಬಂದರೆ ನೀರಣ್ಣನ ಕೆಲಸ ಕಾಯಂ ಎಂದು ಯಜಮಾನರು ಮಾತು ಕೊಟ್ಟಿದ್ದರು. ಹನ್ನೊಂದು ವರ್ಷದಿಂದ ಅವನು ತಾತ್ಕಾಲಿಕ. ಟೈಟಾನಿಯಂ ಪ್ಲೇಟಿನಲ್ಲಿ ಉಳಿದದ್ದು ಐದು ನಮೂನೆ ಪಟ್ಟಿಗಾಗುವಷ್ಟು ಜಾಗ.

ಸುದ್ದಿ ಹಬ್ಬಿತು. ಪಕ್ಕದ ವೆಲ್ಡರ್ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದ. "ನಾಜಲ್ ಅಷ್ಟು ಹತ್ರ ಇಟ್ರೆ ಉಸಿರು ಕಟ್ಟುತ್ತೆ ಕಣಣ್ಣ. ಸ್ವಲ್ಪ ಮೇಲೆತ್ತು."

ಸ್ಟೋರ್‌ಕೀಪರ್ ಬಂದ. ಒಂದು ಚೀಲ ಗಾರ್ನೆಟ್ ಕೊಡುವುದೆಂದರೆ ಅವನಿಗೆ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಸಂಕಟ. "ಮರಳು ಜಾಸ್ತಿಯಾಗಿದ್ದಕ್ಕೇ ಗೀರು ಬಿದ್ದಿರೋದು. ಅರ್ಧ ಸಾಕು."

ನೀರಣ್ಣನಿಗೆ ಎದುರಾಡುವುದು ಬಾರದು. ನಾಜಲ್ ಮೇಲೆತ್ತಿದ, ಮರಳು ಅರ್ಧ ಮಾಡಿದ, ಯಂತ್ರ ಚಾಲು ಮಾಡಿದ. ನೀರು ಲೋಹದೊಳಗೆ ತೂರಲಾಗದೆ ತಿರುಗಿಬಿತ್ತು. ಅಡ್ಡ ನಿಲ್ಲಿಸಿದ್ದ ತಗಡಿನ ಮೇಲಿಂದ ಹಾರಿದ ಕೆಂಪು ರಾಡಿ ಸ್ಟೋರ್‌ಕೀಪರನ ನೆತ್ತಿಯಿಂದ ಅಂಗಾಲಿನವರೆಗೆ ಇಳಿಯಿತು. ಅವನು ಕಣ್ಣು ಒರೆಸಿಕೊಂಡು ಗಂಭೀರವಾಗಿ, "ಇದೂ ಲೆಕ್ಕಕ್ಕಿಲ್ಲದ ಮರಳು" ಎಂದು ಹೊರಟುಹೋದ.

ಗದ್ದಲ ಕೇಳಿ ಯಜಮಾನರೇ ಬಂದರು. "ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಜನಾನಾ? ಮರಳನ್ನ ಪೂರ್ತಿ ಬಿಡು, ತಾನಾಗೇ ಕತ್ತರಿಸುತ್ತೆ" ಎಂದು ಕೈಯಾರೆ ಗುಂಡಿ ತಿರುಗಿಸಿದರು. ಯಂತ್ರ ಎರಡು ಸಲ ಕೆಮ್ಮಿತು, ಒಮ್ಮೆ ಗೊರಕೆ ಹೊಡೆಯಿತು, ನಿಂತಿತು. ಮರಳು ಕೊಳವೆಯಲ್ಲಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಎರಡನೆಯ ಪಟ್ಟಿಯೂ ಹೋಯಿತು. ಯಜಮಾನರು ಗಡಿಯಾರ ನೋಡಿ, ತುರ್ತಾಗಿ ಫೋನ್ ಮಾಡುವುದಿದೆ ಎಂದು ಒಳಹೋದರು.

ಕೊಳವೆ ಬಿಡಿಸುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಯಿತು. ನೀರಣ್ಣ ಬಕೆಟ್ ಬೋರಲು ಹಾಕಿ ಕುಳಿತುಬಿಟ್ಟ.

ಭಾಮೈದ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. "ಭಾವ, ಒಂದು ಸಲಕ್ಕೆ ಒಂದೇ ಬದಲಾಯಿಸಿ. ಉಳಿದಿದ್ದು ಮುಟ್ಟಬೇಡಿ. ಪ್ರತಿಯೊಂದನ್ನೂ ಬರೆದಿಡಿ. ಯಾರೇ ಬಂದ್ರೂ ನಾನು ಬಾಗಿಲಲ್ಲಿರ್ತೀನಿ."

"ಊಟ?"

"ಆಮೇಲೆ."

ಎಲ್ಲವನ್ನೂ ಬೆಳಗಿನ ಅಳತೆಗೇ ತಂದು, ಮೂರನೆಯ ಪಟ್ಟಿಗೆ ವೇಗ ಮಾತ್ರ ಅರ್ಧಕ್ಕಿಳಿಸಿದ. ಗೀರು ತಗ್ಗಿತು. ನಾಲ್ಕನೆಯದಕ್ಕೆ ನಾಜಲನ್ನು ಎರಡು ಮಿಲಿಮೀಟರಿಗೆ ತಂದ. ಅಂಚು ನೆಟ್ಟಗಾಯಿತು, ಆದರೆ ತಳದಲ್ಲಿ ಉಗುರಿಗೆ ಇನ್ನೂ ಏನೋ ತಡೆಯುತ್ತಿತ್ತು. ಕೊನೆಯ ಪಟ್ಟಿ. ಮರಳನ್ನು ಒಂದೇ ಒಂದು ಚೂರು ಏರಿಸಿ, ಕಣ್ಣು ಮುಚ್ಚಿ ಯಂತ್ರದ ಸದ್ದಿಗೆ ಕಿವಿಗೊಟ್ಟ. ಸದ್ದು ಎಲ್ಲೂ ತಡವರಿಸಲಿಲ್ಲ. ಭಾಮೈದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಭಾವನ ಬೆನ್ನು ತಟ್ಟಿದ.

ಗಿರಾಕಿ ವಯಸ್ಸಾದ ಮನುಷ್ಯ, ಮೆಲುಮಾತಿನವರು. ಅಂಚಿನುದ್ದಕ್ಕೂ ಉಗುರು ಎಳೆದರು. "ಇದನ್ನ ಮಾಡಿದ್ದು ಯಾರು?"

ಯಜಮಾನರು ನೀರಣ್ಣನ ಹೆಗಲ ಮೇಲೆ ಕೈ ಹಾಕಿದರು. "ನಮ್ಮ ಹುಡುಗ. ಮನೆಯವನೇ ಅನ್ನಿ!"

"ವೇಗ ಎಷ್ಟಿಟ್ರಿ? ಮರಳು?" ಎಂದು ಗಿರಾಕಿ ನೀರಣ್ಣನನ್ನೇ ಕೇಳಿದರು. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ನೀರಣ್ಣ ಅಳತೆಗಳನ್ನು ಬರೆದಿಟ್ಟಿದ್ದ ಕಾಗದ ಬಿಡಿಸಿದ. ಮೊದಲು ತೊದಲಿದ; ಆಮೇಲೆ ಕಟ್ಟೆಯೊಡೆದಂತೆ ಮಾತು ಬಂತು. ಹಟಮಾರಿ ಲೋಹವನ್ನು ಅವಸರಪಡಿಸಬಾರದೆಂದ. ಮರಳು ಒದ್ದೆಯಾದರೆ ಹೇಗೆ ಗೊತ್ತಾಗುತ್ತದೆ, ನಾಜಲ್ ಸವೆದರೆ ಸದ್ದು ಹೇಗೆ ಒಡೆಯುತ್ತದೆ ಎಂಬುದನ್ನು ಬಾಯಲ್ಲೇ ಸದ್ದು ಮಾಡಿ ತೋರಿಸಿದ. ಗಿರಾಕಿ ಎಲ್ಲವನ್ನೂ ಬರೆದುಕೊಂಡರು. ಅವರು ಬರೆದ ಏಳು ಒಂದರಂತೆ ಕಂಡ ಕಡೆ ನೀರಣ್ಣನೇ ತಿದ್ದಿಕೊಟ್ಟ.

ಗಿರಾಕಿ ಎದ್ದು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡರು. "ದೊಡ್ಡ ಉಪಕಾರ ಮಾಡಿದ್ರಿ. ನಾವೂ ಇದೇ ಯಂತ್ರ ತರಿಸಿದ್ದೀವಿ, ಸೋಮವಾರ ಬರುತ್ತೆ. ಈ ಲೋಹದ ಹದ ಹೇಳೋರೇ ಸಿಕ್ಕಿರ್ಲಿಲ್ಲ. ಇನ್ನು ನಾನೂರೂ ನಾವೇ ಕತ್ತರಿಸ್ಕೋತೀವಿ."

ಕಾರು ಗೇಟು ದಾಟಿತು. ಯಜಮಾನರ ಕೈ ಹೆಗಲಿನಿಂದ ಯಾವಾಗಲೋ ಇಳಿದಿತ್ತು.

"ಅಲ್ಲಯ್ಯಾ, ಅಷ್ಟನ್ನೂ ಯಾಕೆ ಹೇಳ್ದೆ?"

ನೀರಣ್ಣ ಖಾಲಿ ಕುರ್ಚಿಯನ್ನು ನೋಡಿದ.

"ಅವರು ಕೇಳಿದ್ರು ಸಾರ್" ಎಂದ. "ಇಲ್ಲೀವರೆಗೂ ಯಾರೂ ಕೇಳಿರ್ಲಿಲ್ಲ."