ಬೀಗರಿಗೆ ಕುಡಿಸಿದ ಮಾವಿನ ಸಿಪ್ಪೆಯ ಸಾರ

ಭಾಲ್ಕಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನಗೆ ಮಾವಿನ ಸಿಪ್ಪೆ ತಿಪ್ಪೆಗೆ ಬಿದ್ದರೆ ಕರುಳು ಚುರ್ ಎನ್ನುತ್ತದೆ. ಎಷ್ಟೊಂದು ಸತ್ವ ಅದರಲ್ಲಿದೆ! ಅದನ್ನು ಹೊರತೆಗೆಯಲು ನೀರು, ಮಣ್ಣು ಕೆಡಿಸುವ ರಾಸಾಯನಿಕವೇ ಬೇಕೆಂದಿಲ್ಲ. ಸಕ್ಕರೆ, ಹುಳಿಗೆ ಹಾಕುವ ನಿಂಬೆ ಉಪ್ಪು, ಚೂರು ನೀರು ಸೇರಿಸಿ ಬಿಸಿ ಮಾಡಿದರೆ ಅಂಟಂಟಾದ ದ್ರಾವಕ ಸಿದ್ಧ. ಸಿಪ್ಪೆಯ ಸತ್ವವನ್ನು ಅದೇ ಎಳೆದುಕೊಳ್ಳುತ್ತದೆ. ವಿದ್ಯಾರ್ಥಿಗಳಿಗೆ ತೋರಿಸುವ ಮೊದಲು ಮಾಡಿ ನೋಡೋಣವೆಂದು ಒಂದು ಭಾನುವಾರ ಬೀದರಿನ ನೌಬಾದದಲ್ಲಿರುವ ನಮ್ಮ ಮನೆಯ ಅಡುಗೆಮನೆಯನ್ನು ವಶಪಡಿಸಿಕೊಂಡೆ.

"ಅಲ್ರೀ, ಮಧ್ಯಾಹ್ನ ಸುಮಾನ್ನ ನೋಡ್ಲಾಕ ಬೀಗರು ಬರ್ಲಾಕತ್ತಾರ. ಇವತ್ತೇ ಬೇಕಾಗಿತ್ತೇನ್ರಿ ಇದು?" ಎಂದಳು ಹೆಂಡತಿ ಶಾಂತಾ.

"ಹಿಂಗ ಮಾಡಿ ಹಂಗ ಮುಗಸ್ತೇನಿ!"

ಸುಮಾ ನನ್ನ ಅಣ್ಣನ ಮಗಳು. ಬೀದರಿನಲ್ಲಿ ನರ್ಸ್, ಇರುವುದು ನಮ್ಮಲ್ಲೇ. ಬಂದ ಗಂಡುಗಳೆಲ್ಲ ಕೆಲಸ ಬಿಡು ಎಂದವರೇ. ಖಟಕ ಚಿಂಚೋಳಿಯ ಈ ಹುಡುಗ ಮಾತ್ರ ಬಿಡಬೇಡ ಎಂದಿದ್ದ. ಅವಳಿಗೂ ಮನಸ್ಸಾಗಿತ್ತು.

ಸಾರ ಹೊನ್ನಿನ ಬಣ್ಣಕ್ಕೆ ಬಂತು. ಸ್ಟೀಲ್ ಜಗ್ಗಿಗೆ ಸುರಿದು ಫ್ರಿಜ್ಜಿನಲ್ಲಿಟ್ಟೆ. ಶಾಂತಾ ಮಾಡಿದ ಮಾವಿನ ಶರಬತ್ತೂ ಅಲ್ಲೇ, ಅಂಥದೇ ಜಗ್ಗಿನಲ್ಲಿತ್ತು.

ಬೀಗರು ಬಂದರು. "ಶರಬತ್ ನಾ ತರ್ತೇನಿ," ಎಂದು ಉತ್ಸಾಹದಿಂದ ಎದ್ದೆ. ಎರಡೂ ಜಗ್ಗಿನಲ್ಲಿ ಹಳದಿ. ರುಚಿ ನೋಡಿ ಗುರುತಿಸಲು ನಾನೇನು ಸಾಮಾನ್ಯ ಮನುಷ್ಯನೇ? ವಿಜ್ಞಾನಿ! ಕಣ್ಣಳತೆಯಲ್ಲೇ ಒಂದನ್ನು ಆರಿಸಿ ಲೋಟಕ್ಕೆ ಸುರಿದೆ.

ಹುಡುಗನ ಸೋದರಮಾವ ಸಿದ್ರಾಮಪ್ಪನವರು ಒಂದು ಗುಟುಕು ಕುಡಿದರು. ಒಂದು ಕಣ್ಣು ಮುಚ್ಚಿತು. ಆಮೇಲೆ ಇನ್ನೊಂದು.

"ಇದೇನ್ರಿ ಸರ್?"

ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಮೇಷ್ಟ್ರು! "ಗಾಬರಿ ಆಗಬ್ಯಾಡ್ರಿ. ಅದರಾಗ ದ್ರಾವಕ ಅದರಿ, ಅಷ್ಟೇ."

ಅವರ ಅಂಗಡಿ ಜಹೀರಾಬಾದಿನಲ್ಲಿ. ದಿನವಿಡೀ ತೆಲುಗು. ತೆಲುಗಿನಲ್ಲಿ ದ್ರಾವಕವೆಂದರೆ ಆಸಿಡ್!

"ಯವ್ವಾ! ಆಸಿಡ್ ಕುಡಿಸ್ಯಾರ!" ಎಂದು ಗಂಟಲು ಹಿಡಿದು ಎದ್ದರು. ಹುಡುಗ ಆಟೋ ಕರೆಯಲು ಓಡಿದ. ಊರಿಂದ ಬಂದಿದ್ದ ನನ್ನ ಅಣ್ಣ, ಸುಮಾಳ ಅಪ್ಪ, ತಲೆ ಮೇಲೆ ಕೈ ಹೊತ್ತು ಕುಳಿತ.

ಮನೆತನದ ಮಾನ ಉಳಿಸಲು ಜಗ್ಗನ್ನೇ ಎತ್ತಿ ಗಟಗಟ ಕುಡಿದೆ. "ನೋಡ್ರಿ! ಏನೂ ಆಗಂಗಿಲ್ಲ!"

ಆಯಿತು. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು. ಬಚ್ಚಲಿಗೆ ಓಡಿದೆ.

ಸುಮಾ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡಳು. ಸಿದ್ರಾಮಪ್ಪನವರನ್ನು ಕೂರಿಸಿ, ನಾಡಿ ಹಿಡಿದು ನೋಡಿದಳು. "ಸಕ್ರಿ, ನಿಂಬಿ ಉಪ್ಪು, ಮಾವಿನ ಸಿಪ್ಪಿ ಅಷ್ಟೇ ಅದರಿ. ನೀರು ಕುಡೀರಿ, ಹುಳಿ ಹೋಗ್ತದ." ಮರುಕ್ಷಣ ಬಚ್ಚಲ ಬಾಗಿಲಲ್ಲಿ ಅವಳ ದನಿ: "ಕಾಕಾ, ಚಿಲಕ ಹಾಕಬ್ಯಾಡ್ರಿ! ನಾ ಇಲ್ಲೇ ಅದೀನಿ."

ಬೆನ್ನು ಸವರಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಗೋಡೆ ಹಿಡಿದು ನಾನು ಹೊರಬಂದಾಗ ಸಿದ್ರಾಮಪ್ಪನವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ಸರ್, ಹುಡುಗಿಗಿ ಏನೇನೋ ಕೇಳಬೇಕಂತ ಬಂದಿದ್ದೆವ್ರಿ. ಕೇಳೋದು ಏನೂ ಉಳೀಲಿಲ್ಲ. ನಮಗ ಒಪ್ಪಿಗಿ ಅದ."

"ನನಗೂ," ಎಂದಳು ಸುಮಾ, ಕೈಯಲ್ಲಿ ಚೊಂಬು ಹಿಡಿದೇ.

ಶಾಂತಾ ಅಂದು ಬೈಯಲಿಲ್ಲ. ಮೆತ್ತಗೆ ಮಜ್ಜಿಗೆ ಅನ್ನ ಕಲಸಿಕೊಟ್ಟಳು. ಇಂಥವರ ನಡುವೆ ಇದ್ದೇನಲ್ಲ ಎಂದು ಕಣ್ಣು ತುಂಬಿಬಂತು.

ಮದುವೆ ಭಾಲ್ಕಿಯಲ್ಲಾಯಿತು. ಎರಡೂ ಕಡೆಯವರು ಒಮ್ಮತದಿಂದ ನನ್ನನ್ನು ಅಡುಗೆಯ ಕಡೆ ಬಿಡದೆ, ಚಪ್ಪಲಿ ಕಾಯುವ ಗುರುತರ ಜವಾಬ್ದಾರಿ ವಹಿಸಿದರು. ಕೃತಜ್ಞತೆಯಿಂದ ಕಾದೆ. ಎಲ್ಲರ ಚಪ್ಪಲಿಯೂ ಕ್ಷೇಮ. ಕಳೆದದ್ದು ಒಂದೇ ಜೊತೆ.

ನನ್ನದು!